ಪುಸ್ತಕದ ಕೊನೆಗೆ ಹದಿನಾಲ್ಕು ಪ್ರಶ್ನೆ

ಮಂಗಳವಾರ ಸಂಜೆ ಏಳಕ್ಕೆ, ಡ್ರಮ್‌ಕೀಲಿನ ಲೈಬ್ರರಿಯಲ್ಲಿ
ನಾವು ಏಳೆಂಟು ಜನ, ರೇಡಿಯೇಟರಿನ ಮೇಲೆ ಒದ್ದೆ ಕೋಟು,
ಎಲ್ಲರ ಕೈಯಲ್ಲೂ ಅದೇ ದಪ್ಪ ಪುಸ್ತಕ:
ಸಾವಿರದ ಎಂಟುನೂರ ಎಂಬತ್ತೇಳರ ಮೇ ತಿಂಗಳು,
ನಮ್ಮದೇ ಊರಿನ ಕೂಲಿಯಾಳಿನ ಸಂತೆ,
ಸಂತೆಗೆ ಬಂದು ಮರಳದ ಮೂವರು ಹುಡುಗಿಯರು,
ಸೇತುವೆಯಾಚೆ ರಾತ್ರಿಗೆ ನಾಲ್ಕು ಪೆನ್ನಿಯ ಬಿಡಾರ,
ಬಿಡಾರದ ಯಜಮಾನ ಲೂಥರ್ ಪಿಮ್.

ಕೆಟಲ್ ಇಡುವುದು ನನ್ನ ಕೆಲಸ. ಪ್ರಶ್ನೆ ಓದುವುದೂ.
ಪ್ರಕಾಶಕರೇ ಅಚ್ಚು ಹಾಕಿಸಿದ್ದಾರೆ ಕೊನೆಯ ಹಾಳೆಗಳಲ್ಲಿ
ನಾವು ಮಾತಿಗೆ ತಡಕಾಡಬಾರದೆಂದು.

‘ಕೊಲೆಗಾರನ ಬಗ್ಗೆ ನಿಮಗೆ ಎಲ್ಲಾದರೂ ಮರುಕ ಹುಟ್ಟಿತೇ?’
ಅವನ ತಾಯಿ ಸಾಯುವಲ್ಲಿ, ಒಂಚೂರು, ಅಂದಳು ಡರ್ವ್ಲಾ.
ಕೊನ್‌ಲೆತ್ ಮೇಷ್ಟ್ರು ಕನ್ನಡಕ ಒರೆಸಿಕೊಂಡರು:
ಮೀಸೆಗೇ ಎರಡು ಪುಟ ಖರ್ಚಾಗಿದೆ, ನೋಡಿ,
ಮೇಣ ಯಾವ ಅಂಗಡಿಯದೆಂಬ ಅಡಿಟಿಪ್ಪಣಿ ಬೇರೆ.
ನಕ್ಕೆವು. ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬಂತು.

‘ಸಂತೆಯ ಸಡಗರವೂ ಕೊಲೆಯ ಕತ್ತಲೂ
ಕಥನದಲ್ಲಿ ಹೇಗೆ ಹೆಣೆದುಕೊಂಡಿವೆ?’
ಇದಕ್ಕೆ ಎಲ್ಲರಿಗೂ ಬಾಯಿ. ಬ್ಯಾಂಡಿನವರು, ಶುಂಠಿ ಬ್ರೆಡ್ಡು,
ಕುದುರೆಯ ತುಟಿ ಎತ್ತಿ ಹಲ್ಲು ನೋಡುವ ದಲ್ಲಾಳಿ,
ಅದೇ ಕೈಯಲ್ಲಿ ಹುಡುಗಿಯರ ತೋಳು ಹಿಂಡಿ ನೋಡುವ ಜಮೀನುದಾರ.
ಆರು ತಿಂಗಳ ಕೂಲಿ ಕುದುರಿದರೆ
ಅಂಗೈಗೆ ಒಂದು ಶಿಲಿಂಗ್ ಮುಂಗಡ.
ಹಿಡಿದ ಮೇಲೆ ಮುಗಿಯಿತು:
ಬಟ್ಟೆಯ ಗಂಟು ಅವನ ಗಾಡಿಗೆ, ಗಂಟಿನ ಹಿಂದೆ ನೀನು.
ಪಿಮ್ ಸಹ ಶಿಲಿಂಗ್ ಕೊಟ್ಟೇ ಕರೆದೊಯ್ದ.
ಮೂರು ಸಲವೂ.

ನಡುವಿನ ಕೆಲವು ಪ್ರಶ್ನೆ ನಾನೇ ಹಾರಿಸಿದೆ, ಚಹಾ ಆರುತ್ತಿತ್ತು.

ಒಂಬತ್ತನೆಯದು: ‘ಓದಿ ಮುಗಿಸಿದ ಮೇಲೂ
ನಿಮ್ಮಲ್ಲಿ ಉಳಿದ ಪ್ರಶ್ನೆ ಯಾವುದು?’

ಅಷ್ಟು ಹೊತ್ತೂ ತುಟಿ ಬಿಚ್ಚದ ಅಟ್ರ್ಯಾಕ್ಟಾ ಟ್ಯಾನ್ಸಿ,
ಎಂಬತ್ತೊಂದು ವರ್ಷ, ಟೋಪಿ ಇನ್ನೂ ತೆಗೆದಿರಲಿಲ್ಲ,
ಬಸ್ ಟಿಕೆಟ್ಟು ಇಟ್ಟಿದ್ದ ಪುಟ ತೆರೆದರು. ಇನ್ನೂರ ಹನ್ನೆರಡು.
ಕೋರ್ಟಿನ ಪಟ್ಟಿ. ಆನರ್ ಟ್ಯಾನ್ಸಿ, ಹತ್ತೊಂಬತ್ತು,
ಗಂಟಿನಲ್ಲಿ ಸಿಕ್ಕಿದ್ದು:
ಬಾಚಣಿಗೆ ಒಂದು. ಏಪ್ರನ್ ಒಂದು, ತೇಪೆಯದು.
ಉಣ್ಣೆಯ ಕಾಲುಚೀಲ ಒಂದೂವರೆ,
ಕಡ್ಡಿಗಳು ಕುಣಿಕೆಯಲ್ಲೇ.

‘ಒಂದೂವರೆ,’ ಅಂದರು. ‘ಯಾರ ಅಳತೆಯದು?’

ಮೇಷ್ಟ್ರು ಪದಸೂಚಿ ತಿರುವಿದರು, ಅಭ್ಯಾಸಬಲ.
ಪಿಮ್‌ಗೆ ಪೂರ್ತಿ ಒಂದು ಕಾಲಂ:
ಪಿಮ್, ಬಾಲ್ಯ. ಪಿಮ್, ಸಾಲಗಳು. ಪಿಮ್, ಕಣ್ಣುಗಳು.
ಟ್ಯಾನ್ಸಿಗೆ ಒಂದೇ ಒಂದು ಅಂಕಿ.

‘ನಮ್ಮ ತಾತನಿಗೆ ಆಗ ಆರು ವರ್ಷ.
ಅಕ್ಕ ಇದ್ದಳೆಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ,
ನಮ್ಮ ಮನೆಯ ರೀತಿಯೇ ಅದು.
ಅಜ್ಜಿ ಹೆಣೆಯಲು ಕೂತರೆ ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದ,
ಕಡ್ಡಿಯ ಟಿಕಟಿಕ ಅವನಿಗಾಗದು ಅಂದುಕೊಂಡಿದ್ದೆವು.
ಅವನದೇ ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲ.
ಪೊಲೀಸರು ಅಳೆಯಲಿಲ್ಲ.
ಪಿಮ್‌ನ ತಲೆಬುರುಡೆ ಅಳೆದರು. ಐದನೆಯ ಅಧ್ಯಾಯ.’

ಡರ್ವ್ಲಾ ಮೇಜಿನ ಮೇಲೆ ಹೆಬ್ಬೆರಳು, ಕಿರುಬೆರಳು ಚಾಚಿ
ಒಂದು ಗೇಣು ಇಟ್ಟಳು,
ಆಮೇಲೆ ಸ್ವಲ್ಪ ಮಡಿಸಿದಳು. ಅವಳ ಮಗನಿಗೂ ಆರೇ.
ಹಾಗೇ ಇತ್ತು ಕೈ, ಯಾರೋ ಕಪ್ಪು ಸರಿಸುವವರೆಗೆ.

ಹತ್ತನೆಯ ಪ್ರಶ್ನೆ ನಾನು ಓದಲಿಲ್ಲ.
‘ಆ ಬಿಡಾರದಲ್ಲಿ ನೀವಾದರೆ ಒಂದು ರಾತ್ರಿ ತಂಗುತ್ತಿದ್ದಿರಾ?’
ಎಂದೇನೋ ಇತ್ತು.

ಕಪ್ಪು ತೊಳೆದು, ಪುಸ್ತಕ ಮರಳಿ ಎಣಿಸಿಕೊಳ್ಳುವಾಗ
ಒಂದರ ಪದಸೂಚಿಯಲ್ಲಿ, ಅಂಚಿನಲ್ಲಿ, ಪೆನ್ಸಿಲ್:
‘ಕಾಲುಚೀಲ, ೨೧೨.’
ಮೇಷ್ಟ್ರ ಕೈಬರಹ, ನನಗೂ ಅಕ್ಷರ ಕಲಿಸಿದ್ದು ಅದೇ.
ಲೈಬ್ರರಿಯ ಪುಸ್ತಕದಲ್ಲಿ ಬರೆದರೆ ಎರಡು ಯೂರೋ ದಂಡ,
ಬಾಗಿಲ ಮೇಲೆ ನಾನೇ ಅಂಟಿಸಿದ ಚೀಟಿ.
ರಬ್ಬರು ಡ್ರಾಯರಿನಲ್ಲೇ ಇತ್ತು.
ಡ್ರಾಯರಿಗೆ ಬೀಗ ಹಾಕಿ ದೀಪ ಆರಿಸಿದೆ.